ಸೊಂಟದವರೆಗೆ ನೆಲದೊಳಗಿದ್ದ ಅಕ್ಕ

ಬುಧವಾರ ಬೆಳಿಗ್ಗೆ ಹತ್ತೂವರೆಗೆ ತಾಯಿ-ಮಗಳು ಚಳ್ಳಕೆರೆ ಠಾಣೆಗೆ ಬಂದರು. ತಾಯಿ ರಾಧಮ್ಮ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೂಲಿ. ಮಗಳು ದಿವ್ಯಾಗೆ ಕುದಾಪುರದ ಸಂಶೋಧನಾ ಕ್ಯಾಂಪಸ್ಸೊಂದರಲ್ಲಿ ಗುತ್ತಿಗೆ ಕೆಲಸ ಸಿಕ್ಕಿತ್ತು. ಸೋಮವಾರ ಹಾಜರಾಗಬೇಕು. ಅಷ್ಟರಲ್ಲಿ ಅವಳದೇ ದನಿಯ ಆಡಿಯೋ ಯಾರ್ಯಾರದೋ ಫೋನು ದಾಟಿ ನೆಂಟರ ವಾಟ್ಸಾಪ್ ಗುಂಪಿಗೆ ಬಂದಿತ್ತು.

"ನಂಗೆ ಚಿಕ್ಕಂದಿನಿಂದ ಫಿಟ್ಸ್ ಬರ್ತೈತೆ ಅಕ್ಕ. ಮಾತ್ರೆ ತಗೊಂಡ್ರೆ ಏನೂ ಆಗಲ್ಲ. ಯಾರಿಗೂ ಹೇಳಿಲ್ಲ."

ಕೆಳಗೊಂದು ಸಾಲು: ಕುದಾಪುರದ ಸಾಹೇಬರಿಗೂ ಕೇಳಿಸೋಣವೇ?

ಇನ್‌ಸ್ಪೆಕ್ಟರ್ ಮುರುಗೇಂದ್ರಪ್ಪ ಗುಂಪಿನ ಉತ್ತರಗಳನ್ನೂ ಓದಿದ. ಗುಂಪಿನಲ್ಲಿದ್ದ ಹಿರಿಯರೆಲ್ಲ "ಛೆ ಪಾಪ" ಎಂದು ಬರೆದು, ಹಾಗೆ ಬರೆದ ಕೈಯಲ್ಲೇ ಇನ್ನೊಂದು ಗುಂಪಿಗೆ ಕಳಿಸಿದ್ದರು.

"ಯಾವ ಅಕ್ಕಂಗೆ ಹೇಳಿದ್ದು?"

"ಸ್ನೇಹಕ್ಕ ಅಂತ ಸಾರ್. ಅವ್ಳೊಬ್ಳಿಗೇ ಹೇಳಿದ್ದು. ನಿಜವಾದ ಮುಖ ನೋಡಿಲ್ಲ."

ಊರಿನ ಮಾರುತೇಶ್ ಒಂದು ತರಬೇತಿ ಕೇಂದ್ರ ನಡೆಸುತ್ತಿದ್ದ; ದಿವ್ಯಾ ಕಲಿಯುತ್ತಿದ್ದುದು ಅಲ್ಲೇ. ಕಣ್ಣಿಗೆ ದೊಡ್ಡ ಕನ್ನಡಕ ಕಟ್ಟಿಕೊಂಡರೆ ಎದುರಿಗೆ ಇಲ್ಲದ ಆಫೀಸು ಮೂಡುತ್ತದೆ. ಒಬ್ಬೊಬ್ಬರೂ ಒಂದೊಂದು ಗೊಂಬೆಯ ರೂಪದಲ್ಲಿ ಬಂದು ಸಂದರ್ಶನದ ಅಭ್ಯಾಸ ಮಾಡುತ್ತಾರೆ. ಪಾಠ ಮುಗಿದ ಮೇಲೆ ಸ್ನೇಹಕ್ಕ ಮತ್ತು ದಿವ್ಯಾ ಖಾಸಗಿ ಕೋಣೆಯಲ್ಲಿ ಕೂತು ಹರಟುತ್ತಿದ್ದರು.

"ಗೊಂಬೆ ಹತ್ರ ಯಾರಾದ್ರೂ ಗುಟ್ಟು ಹೇಳ್ತಾರೇನಮ್ಮ?" ಎಂದ ಕಾನ್‌ಸ್ಟೆಬಲ್ ಕ್ಯಾತಪ್ಪ.

"ಕುಡಿದಾಗ ನೀನು ಯಾರ್ ಯಾರ ಹತ್ರ ಹೇಳ್ತೀಯ ಅಂತ ಬರೆಸ್ಲೇನಲೇ?" ಎಂದು ಮುರುಗೇಂದ್ರಪ್ಪ ಗದರಿದ. " ಎಫ್‌ಐಆರ್ ಬರಿ."

ಕೇಂದ್ರಕ್ಕೆ ಹೋದರೆ, ಸುಡುಬಿಸಿಲಲ್ಲೂ ಟೈ ಕಟ್ಟಿದ್ದ ಮಾರುತೇಶ್ ಎದೆಯುಬ್ಬಿಸಿ ಮಾತಾಡಿದ. "ಪ್ರೈವೇಟ್ ರೂಮ್ ಸಾರ್. ಪಾಸ್‌ವರ್ಡ್ ಐತೆ. ಒಂದು ನೊಣಾನೂ ಒಳಕ್ಕೆ ಹೋಗಲ್ಲ. ಸ್ನೇಹ ಯಾರೋ ನಂಗೂ ಗೊತ್ತಿಲ್ಲ, ಫೋನಲ್ಲೇ ಸೇರಿದ್ಲು."

ಆ ತಂತ್ರಾಂಶದ ಕಂಪನಿಗೆ ಬರೆದರೆ, ಬಳಕೆದಾರರ ಗೌಪ್ಯತೆಯೇ ನಮ್ಮ ಉಸಿರು, ವಿವರ ಕೊಡಲಾಗದು ಎಂದು ಸಂಜೆಯೊಳಗೆ ಉತ್ತರ ಬಂತು. ಹುಡುಗಿಯರ ದನಿ, ಕೈಯಾಟ, ಕಣ್ಣು ಎತ್ತ ಹೊರಳಿತು ಎಂಬುದನ್ನೂ ತುಂಬಿಟ್ಟುಕೊಳ್ಳುವ ಕಂಪನಿ ಅದು. ಬೇಲಿಯೇ ಎದ್ದು ಹೊಲ ಮೇಯ್ದು, ಆಮೇಲೆ ಹೊಲದ ಮಾನದ ಬಗ್ಗೆ ಭಾಷಣ ಮಾಡಿತ್ತು.

ಆದರೆ ಅವರವರ ಅಭ್ಯಾಸವನ್ನು ಅವರವರು ಮತ್ತೆ ನೋಡಿಕೊಳ್ಳಬಹುದಿತ್ತು. ದಿವ್ಯಾಳ ಒಪ್ಪಿಗೆ ಪಡೆದು, ಸಾಕ್ಷಿಗೆ ಇಬ್ಬರು ಪಂಚರನ್ನು ಕೂರಿಸಿ, ಮಹಿಳಾ ಕಾನ್‌ಸ್ಟೆಬಲ್ ಪವಿತ್ರ ಅದನ್ನು ಗೋಡೆಯ ಟಿ.ವಿ.ಯಲ್ಲಿ ಹಾಕಿದಳು. ಗುಲಾಬಿ ಸೀರೆಯ ಸ್ನೇಹಕ್ಕ ಬಂದಳು. ಸೊಂಟದವರೆಗೆ ನೆಲದೊಳಗೆ ಹೂತಿದ್ದಳು.

"ದಿನಾ ಹಂಗೇ ಸಾರ್," ಎಂದಳು ದಿವ್ಯಾ. "ಮಿಷನ್ ಕೆಟ್ಟೈತೆ ಅಂತ ಇಬ್ರೂ ನಗ್ತಿದ್ವಿ."

ಪವಿತ್ರ ತಾನೇ ಕನ್ನಡಕ ಹಾಕಿಕೊಂಡು ಪರೀಕ್ಷಿಸಿದಳು. ನಿಂತರೆ ಅವಳ ಗೊಂಬೆ ಸರಿಯಾಗಿತ್ತು. ಕುರ್ಚಿಯಲ್ಲಿ ಕೂತರೆ ಮೊಣಕಾಲು ಮುಳುಗಿತು. ನೆಲದ ಮೇಲೆ ಕೂತಾಗ ಸರಿಯಾಗಿ ಸೊಂಟದವರೆಗೆ ಇಳಿಯಿತು. ಮುರುಗೇಂದ್ರಪ್ಪ ನೋಡುತ್ತಿದ್ದುದು ಮಾತ್ರ ಸ್ನೇಹಕ್ಕನ ಬಲಗೈಯನ್ನು. ಅದು ಆಗಾಗ ಮೇಲೆದ್ದು, ಗಾಳಿಯಲ್ಲಿ ಏನನ್ನೋ ಹಿಡಿದು ಕೆಳಕ್ಕೆ ಜಗ್ಗುತ್ತಿತ್ತು.

ಅವನು ಮೊಳಕಾಲ್ಮೂರಿನಲ್ಲಿ ಮೂರು ವರ್ಷ ಕೆಲಸ ಮಾಡಿದವನು. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೆ ಕೂತವರು ನೂಲು ಓಡಿಸುವ ಲಾಳಿಯ ಹಗ್ಗವನ್ನು ಹೀಗೇ ಕೆಳಕ್ಕೆ ಜಗ್ಗುವುದನ್ನು ಬೀದಿಬೀದಿಯಲ್ಲಿ ಕಂಡಿದ್ದ. ರಾಧಮ್ಮನನ್ನು ಪಕ್ಕಕ್ಕೆ ಕರೆದ.

"ಮಗಳಿಗೆ ಎಲ್ಲಾದ್ರೂ ಸಂಬಂಧ ನೋಡಿದ್ರಾ?"

"ಮೊಳಕಾಲ್ಮೂರಾಗೆ ಸ್ವಾಮಿ. ರೇಷ್ಮೆ ಸೀರೆ ನೇಯೋರು. ಹುಡುಗ ಎರ್ರಿಸ್ವಾಮಿ. ಆಡಿಯೋ ಬಂದ ಮ್ಯಾಗೆ ಬ್ಯಾಡ ಅಂದ್ರು."

"ಸ್ನೇಹಕ್ಕ ಈಗಲೂ ಬರ್ತಾಳೇನಮ್ಮ?" ಎಂದು ದಿವ್ಯಾಳನ್ನು ಕೇಳಿದ.

"ನಿನ್ನೆನೂ ಬಂದಿದ್ಲು ಸಾರ್. ಅಳಬ್ಯಾಡ ಅಂದ್ಲು."

ಗುರುವಾರ ಹನ್ನೊಂದಕ್ಕೆ ಸ್ನೇಹಕ್ಕನನ್ನು ಮಾತಿಗೆಳೆಯಲು ದಿವ್ಯಾ ಪವಿತ್ರಳ ಪಕ್ಕದಲ್ಲಿ ಕೂತು ಕನ್ನಡಕ ಕಟ್ಟಿಕೊಂಡಳು. ಅದೇ ಹೊತ್ತಿಗೆ ಜೀಪು ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ನಿಂತಿತು. ಎರ್ರಿಸ್ವಾಮಿಯ ತಾಯಿ ಸೂರಮ್ಮ ಬಾಗಿಲಿಗೆ ಬಂದಳು.

"ನಮ್ಮ ಎರ್ರಿ ಬೆಳಗಿಂದ ಮಗ್ಗ ಬಿಟ್ಟು ಎದ್ದಿಲ್ಲ ಸ್ವಾಮಿ. ಸದ್ದು ಕೇಳಿಸ್ತಿಲ್ವಾ?"

ಕೇಳಿಸುತ್ತಿತ್ತು. ಟಕ್ ಎಂದು ಒಂದು ಏಟು, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಟಕ್. ಹಾಗೆ ನೇಯ್ದರೆ ಮಗಳಿಗೆಂದು ಹೂಡಿದ ಸೀರೆ ಮೊಮ್ಮಗಳಿಗಾದೀತು.

ಹಿಂದಿನ ಕೋಣೆಯ ಗುಂಡಿಯಲ್ಲಿ ಕಾಲಿಳಿಬಿಟ್ಟು ಮೂವತ್ತರ ಗಂಡಸು ಕೂತಿದ್ದ. ಮುಖಕ್ಕೆ ಕನ್ನಡಕ. ಮಗ್ಗದ ಮೇಲೆ ಹಾಸಿನ ಒಂದೆಳೆ ನೂಲೂ ಇಲ್ಲ. ಅವ್ವನ ಕಿವಿಗೆ ಸದ್ದು ಬೀಳಲೆಂದು ಬಲಗೈಯಲ್ಲಿ ಖಾಲಿ ಮಗ್ಗದ ಹಗ್ಗ ಎಳೆಯುತ್ತ, ಮೆಲ್ಲಗೆ ಹೇಳುತ್ತಿದ್ದ: "ಅಳಬ್ಯಾಡ ದಿವ್ಯಾ. ಅಕ್ಕ ಇದ್ದೀನಲ್ಲ." ದನಿಯನ್ನು ಹೆಣ್ಣಾಗಿಸುವ ಕೆಲಸ ಯಂತ್ರದ್ದು.

ಕ್ಯಾತಪ್ಪ ಹೆಗಲು ತಟ್ಟಿದ. "ಏಳಕ್ಕ, ಸ್ಟೇಷನ್‌ಗೆ ಹೋಗಣ."

ಮಹಜರು ನಡೆಯಿತು. ಮೂಲ ಆಡಿಯೋ ಅವನ ಫೋನಿನಲ್ಲೇ ಸಿಕ್ಕಿತು. ಕನ್ನಡಕವನ್ನೂ ಪಾಸ್‌ವರ್ಡನ್ನೂ ಕೊಟ್ಟವನು ಮಾರುತೇಶ್. ಟೈ ಈಗ ಸಡಿಲಾಗಿತ್ತು.

"ಗಂಡಿನ ಕಡೆಯೋರು ಕೇಳಿದ್ರು ಸಾರ್. ಹೆಣ್ಣು ವಿಚಾರಿಸೋದು ನಮ್ಮಲ್ಲಿ ಇರೋದೇ ಅಲ್ವಾ?"

"ವಿಚಾರಿಸೋರು ಎದುರುಮನೆ ಜಗಲಿ ಮೇಲೆ ಕೂತು, ಮುಖ ತೋರಿಸಿ ಕೇಳ್ತಾರೆ ಕಣೋ. ಹೆಣ್ಣಿನ ವೇಷ ಹಾಕ್ಕೊಂಡು ಬರಲ್ಲ." ಮುರುಗೇಂದ್ರಪ್ಪ ಅವನನ್ನು ಎರಡನೇ ಆರೋಪಿಯಾಗಿ ಬರೆಸಿದ.

ಠಾಣೆಯಲ್ಲಿ ಎರ್ರಿಸ್ವಾಮಿ ನೀರು ಕೇಳಿ ಕುಡಿದ.

"ಯಾಕೆ ಹೋದೆ?"

"ನನ್ನ ಬಗ್ಗೆ ಏನಂತಾಳೋ ಕೇಳ್ಬೇಕಿತ್ತು ಸಾರ್. ಹುಡುಗ ಹೆಂಗವ್ನೆ ಅಂತ ದಿನಾ ಕೇಳ್ತಿದ್ದೆ."

"ಏನಂದ್ಲು?"

"ಪರವಾಗಿಲ್ಲ ಅಂದ್ಲು. ಅಷ್ಟೇ. ಕೆಲಸ ಸಿಕ್ಕಿದ ದಿನ ಒಂದು ಗಂಟೆ ಮಾತಾಡಿದ್ಲು ಸಾರ್. ಒಂದ್ಸಲಾನೂ ನನ್ನ ಹೆಸರು ಬರ್ಲಿಲ್ಲ."

"ಅದಕ್ಕೆ ಆ ಕೆಲಸಕ್ಕೇ ಕಲ್ಲು ಹಾಕಿದೆ."

ಇಷ್ಟು ಸಣ್ಣ ಮನುಷ್ಯನಿಗೆ ಇಷ್ಟು ದೊಡ್ಡ ಕಡತವೇ ಎಂದು ಮುರುಗೇಂದ್ರಪ್ಪನಿಗೆ ಅನ್ನಿಸಿತು. ದಸ್ತಗಿರಿ ಪತ್ರಕ್ಕೆ ಸಹಿ ಹಾಕಿ ದಿವ್ಯಾಗೆ ಫೋನ್ ಮಾಡಿದ.

"ಕುದಾಪುರದೋರಿಗೆ ನಾನೇ ಹೇಳ್ಬಿಟ್ಟೆ ಸಾರ್," ಎಂದಳು ಅವಳು. "ಡಾಕ್ಟರ್ ಚೀಟಿ ತಗೊಂಡು ಸೋಮವಾರ ಬಾ ಅಂದ್ರು."

ಮುರುಗೇಂದ್ರಪ್ಪ ಸಿಕ್ಕವನು ಯಾರೆಂದು ಹೇಳಿದ. ಎರ್ರಿಸ್ವಾಮಿಯ ಹೆಸರನ್ನು ಅವಳು ಎತ್ತಲೇ ಇಲ್ಲ.

"ಹಂಗಾದ್ರೆ ಸ್ನೇಹಕ್ಕ ಅಂತ ಯಾರೂ ಇರ್ಲೇ ಇಲ್ವಾ ಸಾರ್?"