ಸಿರಿಂಜಿನೊಳಗಿನ ಗುಟ್ಟು

“ರೀ... ಸಿರಿಂಜಿಗೆ ಸುತ್ತಿರೋ ಟೇಪನ್ನೇ ನಿಮ್ಮ ಬಾಯಿಗೂ ಅಂಟಿಸಿದಾರಾ?”

ಗಾಜಿನ ಕಿಟಕಿಯಾಚೆಯಿಂದ ಬಂದ ಆ ದನಿಗೆ ಸಿರಿಂಜಿನ ಟ್ರೇ ಹಿಡಿದಿದ್ದ ಅವಳು ತಟ್ಟನೆ ನಿಂತಳು. ತಲೆ ಎತ್ತಿದಳು. ಆಂಬುಲೆನ್ಸ್ ಡ್ರೈವರ್. ಮಾಸ್ಕಿನ ಮೇಲೆ ಎರಡೇ ಕಣ್ಣು, ಅವುಗಳ ತುಂಬ ತುಂಟತನ!

ನಗು ತುಟಿಯವರೆಗೂ ಬಂತು. ನುಂಗಿಕೊಂಡು, ಟ್ರೇಯನ್ನು ಸಿಸ್ಟರ್ ಕೈಗೆ ದಾಟಿಸಿ, ಬೆನ್ನು ತಿರುಗಿಸಿದಳು.

ಅವಳಾದರೂ ಏನು ಮಾಡಿಯಾಳು? ಹೊಸ ಜ್ವರಕ್ಕೆ ಹೊಸ ಲಸಿಕೆಯ ಪರೀಕ್ಷೆ ಅದು. ಅರ್ಧ ಜನಕ್ಕೆ ಲಸಿಕೆ, ಇನ್ನರ್ಧಕ್ಕೆ ಬರೀ ಉಪ್ಪುನೀರು; ಒಳಗಿರುವುದು ಕಾಣದಂತೆ ಸಿರಿಂಜಿಗೆಲ್ಲ ಟೇಪು. ಯಾರಿಗೆ ಯಾವುದೆಂದು ಚುಚ್ಚುವ ಸಿಸ್ಟರಿಗೂ ಗೊತ್ತಿಲ್ಲ, ಚುಚ್ಚಿಸಿಕೊಳ್ಳುವವರಿಗೂ ಗೊತ್ತಿಲ್ಲ. ಗೊತ್ತಿರುವುದು ಸಿರಿಂಜ್ ತುಂಬುವ ಫಾರ್ಮಸಿಸ್ಟ್ ಒಬ್ಬಳಿಗೇ... ಅವಳಿಗೆ! ಅದಕ್ಕೇ ಪರೀಕ್ಷೆ ಮುಗಿಯುವ ತನಕ ಬಂದವರ ಜೊತೆ ಅವಳು ಒಂದು ಮಾತೂ ಆಡುವಂತಿಲ್ಲ.

ಪರೀಕ್ಷೆಗೆ ಅವನೂ ಹೆಸರು ಕೊಟ್ಟಿದ್ದ. ಅವನ ಸಿರಿಂಜಿನಲ್ಲಿದ್ದದ್ದು ಉಪ್ಪುನೀರು.

ಪ್ರತಿ ತಿಂಗಳೂ ತಪಾಸಣೆಗೆ ಬಂದ. ಬಂದಾಗಲೆಲ್ಲ ಕಿಟಕಿಯ ಮುಂದೆ ಒಂದು ನಾಟಕ. ಸೈರನ್ನಿನಂತೆ ಕೂಗುತ್ತಿದ್ದ. ಸಿಸ್ಟರ್ ದನಿಯಲ್ಲಿ “ನೆಕ್ಸ್ಟ್! ತೋಳು ಮಡಚ್ರೀ!” ಎಂದು ಗದರುತ್ತಿದ್ದ. “ನಾನ್ಯಾವಾಗ ಕರೆದೆ?” ಎಂದು ನಿಜವಾದ ಸಿಸ್ಟರ್ ಓಡಿಬರುತ್ತಿದ್ದರು!

ಗಾಜಿನ ಈಚೆ ಅವಳು ಔಷಧದ ಕಪಾಟಿನೊಳಗೆ ಮುಖ ಹುದುಗಿಸಿ ನಗುತ್ತಿದ್ದಳು. ಬಿಸಿಲು ಗಾಜಿನಲ್ಲಿ ಕರಗಿ, ಅವನ ನೆರಳು ಅವಳ ಮೇಜಿನ ಮೇಲೆ ತೇಲುತ್ತಿತ್ತು. ಯಾರೂ ನೋಡದಾಗ ಆ ನೆರಳಿನ ಕೈಮೇಲೆ ಮೆಲ್ಲನೆ ಬೆರಳಿಡುತ್ತಿದ್ದಳು...

“ಬಿಂಕ, ಸಿಸ್ಟರ್, ಬಿಂಕ! ಡ್ರೈವರ್ ಜೊತೆ ಮಾತಾಡಿದ್ರೆ ಡಿಗ್ರಿ ಸವೆದುಹೋಗುತ್ತೇನೋ,” ಎಂದ ಒಂದು ದಿನ. ಆ ದನಿಯಲ್ಲಿ ತುಂಟತನವಿರಲಿಲ್ಲ.

ಮುಂದಿನ ತಿಂಗಳು ಅವನು ಬರಲಿಲ್ಲ.

“ಆ ಡ್ರೈವರ್‌ಗೆ ಅದೇ ಜ್ವರ ಅಂತೆ ಕಣೇ. ಆಕ್ಸಿಜನ್ ಹಾಕಿದಾರಂತೆ,” ಎಂದರು ಸಿಸ್ಟರ್.

'ದಿನಾ ರೋಗಿಗಳ ಜೊತೆ ಓಡಾಡೋನು... ಮೈಯಲ್ಲಿ ಬರೀ ನೀರು... ನನಗೊಬ್ಬಳಿಗೇ ಗೊತ್ತಿತ್ತಲ್ಲ!' ಕಪಾಟಿನೊಳಗೆ ಮುಖವಿಟ್ಟಳು. ಈ ಸಲ ನಗಲಿಲ್ಲ.

ಎರಡು ತಿಂಗಳ ಮೇಲೆ ಫಲಿತಾಂಶ ಬಂತು. ಲಸಿಕೆ ಗೆದ್ದಿತ್ತು! ಉಪ್ಪುನೀರು ಪಡೆದವರನ್ನೆಲ್ಲ ನಿಜವಾದ ಲಸಿಕೆಗೆ ಕರೆದರು. ಅವನೂ ಬಂದ. ಇಳಿದುಹೋಗಿದ್ದ, ಕೈಯಲ್ಲಿ ‘ಉಪ್ಪುನೀರು’ ಎಂದು ಬರೆದ ಚೀಟಿ ಹಿಡಿದಿದ್ದ.

ಮೊದಲ ಬಾರಿಗೆ ಅವಳು ಬಾಗಿಲು ತೆರೆದು ಆಚೆ ಬಂದಳು.

“ನೀರಂತೆ! ನಿಮಗೆ ಗೊತ್ತಿತ್ತಾ?”

“ಮೊದಲ ದಿನದಿಂದ.”

“ಒಂದು ಮಾತು ಹೇಳ್ಬಹುದಿತ್ತಲ್ಲ...”

“ಹೇಳಿದ್ರೆ ಪರೀಕ್ಷೆನೇ ಕೆಡ್ತಿತ್ತು. ಈ ಲಸಿಕೆ ಯಾರಿಗೂ ಸಿಕ್ತಿರಲಿಲ್ಲ. ಆದ್ರೆ ನೀವು ಆಸ್ಪತ್ರೇಲಿದ್ದಾಗ...” ಒಂದು ಹೆಜ್ಜೆ ಮುಂದೆ ಬಂದಳು. “ಬೈದುಬಿಡಿ. ಬೈಸಿಕೊಳ್ಳೋಕೇ ಬಂದಿದೀನಿ.”

ಅವನು ಚೀಟಿಯನ್ನು ಜೇಬಿಗಿಟ್ಟ.

“ನೀರು ಬರಬಹುದು ಅಂತ ಓದಿಯೇ ಸಹಿ ಹಾಕಿದ್ದೆ ಕಣ್ರೀ. ಅದಕ್ಕೆ ಬೇಜಾರಿಲ್ಲ. ನಿಮ್ಮ ಬಿಂಕಾನೇ ಜ್ವರಕ್ಕಿಂತ ಜಾಸ್ತಿ ಸುಟ್ಟಿತ್ತು.”

“ಬಿಂಕ ಅಲ್ಲ...”

“ಮತ್ತೆ?”

“ನಿಮ್ಮ ನೆರಳು ಬಂದ್ರೆ ಸಾಕು, ಕೆಲಸ ಮರೀತಿದ್ದೆ. ಅದಕ್ಕೇನಂತಾರೋ ಅದು!”

ಅವನು ನಗುತ್ತ ತೋಳು ಮಡಚಿ ಸಿಸ್ಟರ್ ಮುಂದೆ ಕುಳಿತ.

ಸಿಸ್ಟರ್ ಚುಚ್ಚಿ ಹತ್ತಿ ಒತ್ತಿದರು. “ಅರ್ಧ ಗಂಟೆ ಬೆಂಚ್ ಮೇಲೆ ಕೂತಿರಬೇಕು. ಯಾರಾದ್ರೂ ನೋಡ್ಕೊಳ್ರಪ್ಪ!”

ಅವಳು ಪಕ್ಕದಲ್ಲಿ ಕುಳಿತಳು. ನಡುವೆ ಗಾಜಿರಲಿಲ್ಲ.

“ತುಂಬಾ ಮಾತಾಡೋದಿದೆ ನಿಮ್ಮ ಹತ್ರ,” ಎಂದಳು.

“ಅರ್ಧ ಗಂಟೆ ಸಾಲುತ್ತಾ?”

ಅವಳ ಬೆರಳು ಅವನ ಕೈಯನ್ನು ಹುಡುಕಿತು.

“ಸಾಲಲ್ಲ...”