ನಾಲ್ಕು ಬೆರಳು ಹೆಚ್ಚು ಉದ್ದದ ಕೋಲು

ಬೆಳಗ್ಗೆ ಕಲ್ಲುಕೋಣೆಯ ಬೀಗ ತೆಗೆದಾಗ ಒಂಬತ್ತನೇ ಗೂಟ ಬರಿದಾಗಿತ್ತು. ಇವತ್ತು ಸುಡಬೇಕಿದ್ದ ಕೋಲೇ ಮಾಯ!

ಕೆಳಗಿನ ಠಾಣೆಯಿಂದ ಸಾವಿರ ಮೆಟ್ಟಿಲು ಹತ್ತುವಷ್ಟರಲ್ಲಿ ಇನ್ಸ್‌ಪೆಕ್ಟರಮ್ಮನಿಗೆ ಪ್ರಾಣ ಬಾಯಿಗೆ ಬಂದಿತ್ತು. ಅವಳನ್ನು ಕರೆಯಲು ಊರವರು ಕಳಿಸಿದ್ದ ಮುದಿ ಮೇಷ್ಟ್ರು ಮಾತ್ರ ಅವಳಿಗಿಂತ ಮುಂದೆ ಸರಸರನೆ ಹತ್ತಿದ್ದರು. ಒಂದು ಕೋಲಿಗಾಗಿ ಇಷ್ಟೆಲ್ಲವೇ ಎಂದು ಅವಳು ದಾರಿಯುದ್ದಕ್ಕೂ ಗೊಣಗಿದ್ದಳು. ಗುಡ್ಡದ ನೆತ್ತಿಯ ಕಲ್ಲುಕೋಣೆಯೊಳಗೆ ಕಾಲಿಟ್ಟ ಮೇಲೆ ಗೊಣಗಾಟ ನಿಂತಿತು. ಗೋಡೆ ತುಂಬ ಗೂಟ, ಗೂಟಕ್ಕೊಂದು ಕೋಲು.

ಊರ ಹಿರಿಯ ವಿವರಿಸಿದ. ಇಲ್ಲಿ ಮಕ್ಕಳು ದೊಡ್ಡವರಾದಾಗ ಎದೆಮಟ್ಟಕ್ಕೆ ಅಳೆದು ಒಂದು ಕೋಲು ಕಡಿದು ಕೊಡುತ್ತಾರೆ. ಊರು ಬಿಟ್ಟು ಇಳಿಯುವವರು ಅದನ್ನು ಈ ಕೋಣೆಯಲ್ಲಿ ತೂಗುಹಾಕಿ ಹೋಗಬೇಕು, ಮರಳಿದ ದಿನ ತೆಗೆದುಕೊಳ್ಳಬೇಕು. ಇಪ್ಪತ್ತೈದು ವರ್ಷ ಕಳೆದರೂ ಬಾರದಿದ್ದರೆ ಒಡಹುಟ್ಟಿದವರೇ ಕೋಲಿಗೆ ಬೆಂಕಿಯಿಡಬೇಕು. ಅಲ್ಲಿಂದಾಚೆ ಆ ಮನುಷ್ಯ ಊರಿನ ಪಾಲಿಗೆ ಸತ್ತಂತೆ. ಇವತ್ತು ಮೇಷ್ಟ್ರ ತಮ್ಮನ ಸರದಿ.

ಮೇಷ್ಟ್ರು ಕೈಯಲ್ಲಿದ್ದ ಕೋಲನ್ನು ತುದಿಯಿಂದ ನಾಲ್ಕು ಬೆರಳು ಕೆಳಗೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಹೋದವನು ಹೋದ, ಸುಟ್ಟು ಮುಗಿಸೋಣವೆಂದರೆ ಅದಕ್ಕೂ ಯಾರೋ ಕಲ್ಲು ಹಾಕಿದರು ಎಂದು ಸಿಡುಕಿದರು.

ಕೀಲಿಕೈ ಇರುವುದು ಬಾಗಿಲ ಮೇಲಿನ ಸಂದಿಯಲ್ಲಿ. ಊರಿಗೆಲ್ಲ ಗೊತ್ತಿರುವ ಗುಟ್ಟು. ಇನ್ಸ್‌ಪೆಕ್ಟರ್ ಗೋಡೆ ಸವರಿದಳು. ಉಳಿದ ಕೋಲುಗಳೆಲ್ಲ ಧೂಳು ಹಿಡಿದು ಬಿರುಕು ಬಿಟ್ಟಿದ್ದವು. ಒಂಬತ್ತನೇ ಗೂಟದ ಹಿಂದೆ ಮಾತ್ರ ಹಳೆಯ ಎಣ್ಣೆ ಕಲೆ. ಆ ಕೋಲಿಗೆ ಯಾರೋ ವರ್ಷಗಟ್ಟಲೆ ಎಣ್ಣೆ ಹಚ್ಚಿದ್ದಾರೆ.

*

ಊರಿನವರೆಲ್ಲ ನೇಕಾರಳತ್ತ ಬೆರಳು ತೋರಿಸಿದರು. ಓಡಿಹೋದವನನ್ನು ಮದುವೆಯಾಗಬೇಕಿದ್ದವಳು ಅವಳೇ. ಮನೆಯಲ್ಲಿ ಮಗ್ಗ, ಮಗ್ಗದ ಪಕ್ಕದಲ್ಲಿ ಎಣ್ಣೆ ಡಬ್ಬಿ.

ಅವಳು ಮಗ್ಗ ನಿಲ್ಲಿಸಲಿಲ್ಲ. "ಕದಿಯೋಕೆ ನನಗೇನು ಹುಚ್ಚಾ? ಅದನ್ನ ಸುಟ್ರೆ ನನಗೂ ಬಿಡುಗಡೆ. ಆ ಮೆಟ್ಟಿಲು ನೋಡಿ ನೋಡಿ ಕಣ್ಣು ಸೋತಿದೆ, ಮೇಡಂ."

"ಈ ಎಣ್ಣೆ ಬೇರೆ ಯಾರಾದ್ರೂ ಒಯ್ತಾರಾ?"

"ಮೇಷ್ಟ್ರು. ವರ್ಷಕ್ಕೊಂದು ಸೀಸೆ. ಮಂಡಿನೋವಂತೆ."

ಮಂಡಿನೋವು! ಮೆಟ್ಟಿಲ ಮೇಲೆ ತನ್ನನ್ನು ಹಿಂದೆ ಹಾಕಿದ ಆ ಕಾಲುಗಳನ್ನು ನೆನೆದು ಇನ್ಸ್‌ಪೆಕ್ಟರ್ ಎದ್ದಳು.

*

ಸಂಜೆ ಊರೆಲ್ಲ ಕಲ್ಲುಕೋಣೆಯ ಮುಂದೆ ಸೇರಿತು.

"ಮೇಷ್ಟ್ರೇ, ನಿಮ್ಮ ಕೋಲೆಲ್ಲಿ?" ಎಂದಳು ಇನ್ಸ್‌ಪೆಕ್ಟರ್.

ಅವರು ಕೈಯಲ್ಲಿದ್ದುದನ್ನು ಎತ್ತಿ ತೋರಿಸಿದರು.

"ಅದು ನಿಮ್ಮ ಅಳತೆದಲ್ಲ. ನಿಮ್ಮ ಎದೆಮಟ್ಟಕ್ಕಿಂತ ನಾಲ್ಕು ಬೆರಳು ಉದ್ದ. ನಿಮ್ಮ ತಮ್ಮ ನಿಮಗಿಂತ ಎತ್ತರ ಇದ್ರು, ಅಲ್ವಾ? ಎಲ್ಲರೂ ಕೋಲು ಹಿಡಿಯೋ ಊರಲ್ಲಿ ಕದ್ದ ಕೋಲು ಬಚ್ಚಿಡೋಕೆ ಕೈಗಿಂತ ಒಳ್ಳೆ ಜಾಗ ಇಲ್ಲ. ಇನ್ನು ಎಣ್ಣೆ. ವಾಪಸ್ ಬರ್ತಾನೆ ಅಂತ ನಂಬಿದವರು ಮಾತ್ರ ಅವನ ಕೋಲನ್ನ ಹಾಗೆ ಜೋಪಾನ ಮಾಡ್ತಾರೆ."

ಮೇಷ್ಟ್ರು ಕೋಲನ್ನು ಎದೆಗೊತ್ತಿಕೊಂಡರು. "ಎಲ್ಲರೆದುರು ಅವನ ಕೆನ್ನೆಗೆ ಹೊಡೆದಿದ್ದೆ. ಒಂದು ಮಾತೂ ಆಡದೆ ಇಳಿದುಹೋದ. ತಪ್ಪಾಯ್ತು ಅನ್ನೋಕೆ ಅವನು ಬದುಕಿರಬೇಕಲ್ಲ, ತಾಯಿ. ನನ್ನ ಕೈಯಾರೆ ಹೇಗೆ ಸುಡಲಿ?"

ಕೆಳಗಿಳಿದು ಅವನನ್ನು ಯಾರಾದರೂ ಹುಡುಕಿದ್ದೀರಾ ಎಂದು ಇನ್ಸ್‌ಪೆಕ್ಟರ್ ಕೇಳಿದಳು. ಕಾಯುವುದಕ್ಕೆ ಆ ಊರಲ್ಲಿ ಪದ್ಧತಿಯಿತ್ತು, ಹುಡುಕುವುದಕ್ಕೆ ಇರಲಿಲ್ಲ.

ಮೇಷ್ಟ್ರು ಮನೆಗೆ ಹೋಗಿ ಎಣ್ಣೆ ಸೀಸೆ ಜೇಬಿಗೆ ಹಾಕಿಕೊಂಡು, ಮಂಚದಡಿ ಇಟ್ಟಿದ್ದ ತಮ್ಮದೇ ಗಿಡ್ಡ ಕೋಲು ತಂದು ಒಂಬತ್ತನೇ ಗೂಟಕ್ಕೆ ತೂಗುಹಾಕಿದರು. ತಮ್ಮನ ಕೋಲೂರಿ ಮೆಟ್ಟಿಲ ಕಡೆ ನಡೆದರು. ಹಿರಿಯ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ನೇಕಾರಳು ದಾರಿಗೆ ಅಡ್ಡ ಬಂದಳು. "ಸಿಕ್ಕರೆ ಹೇಳಿ, ನಾನು ಕಾಯ್ತಾ ಇಲ್ಲ ಅಂತ."

ಮೇಷ್ಟ್ರು ತಲೆಯಾಡಿಸಿದರು. ಅವಳು ಕೈ ಚಾಚಿಯೇ ನಿಂತಿದ್ದಳು.

"ಆ ಎಣ್ಣೆ ಸೀಸೆ ಕೊಟ್ಟು ಹೋಗಿ. ನಿಮ್ಮ ಕೋಲಿಗೂ ಯಾರಾದ್ರೂ ಹಚ್ಚಬೇಕಲ್ಲ."