ಗೋಡೆ ಬದಿಯ ತಗ್ಗು

ನನಗೆ ಬೇಕರಿಯಲ್ಲಿ ರಾತ್ರಿ ಪಾಳಿ, ಜೊತೆಗಿರುವ ಟೈಲರ್‌ಗೆ ಹಗಲು ಕೆಲಸ. ಕೋಣೆಯಲ್ಲಿ ಒಂದೇ ಮಂಚ. ಬೆಳಿಗ್ಗೆ ಅವನು ಎದ್ದು ಹೋದ ಮೇಲೆ ನಾನು ಮಲಗುತ್ತೇನೆ. ಗೋಡೆ ಬದಿಯ ಹಾಸಿಗೆ ತಗ್ಗಾಗಿ ಇನ್ನೂ ಬೆಚ್ಚಗಿರುತ್ತಿತ್ತು. ನಾನು ಅದರಲ್ಲೇ ಒರಗುತ್ತಿದ್ದೆ.

ಎಚ್ಚರವಾದಾಗ ಕಣ್ಣು ತೆರೆಯುತ್ತಿತ್ತು, ಕೈಕಾಲು ಅಲುಗುತ್ತಿರಲಿಲ್ಲ. ಬೀದಿಯಲ್ಲಿ ಮಕ್ಕಳ ಗಲಾಟೆ ಕೇಳಿಸುತ್ತಿತ್ತು, ಕೂಗೋಣವೆಂದರೆ ನಾಲಿಗೆ ಏಳುತ್ತಿರಲಿಲ್ಲ. ಎದೆಯ ಮೇಲೆ ಮೈದಾ ಮೂಟೆ ಹೇರಿದ ಹಾಗೆ. ಬೆನ್ನ ಕೆಳಗಿನ ಹಾಸಿಗೆ ಮಾತ್ರ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು.

"ದೆವ್ವಗಿವ್ವ ಏನೂ ಅಲ್ಲ," ಎಂದರು ಡಾಕ್ಟರು. "ಮೈಗಿಂತ ಮುಂಚೆ ಮನಸ್ಸು ಎದ್ದುಬಿಡುತ್ತೆ, ಅಷ್ಟೇ. ಕಿರುಬೆರಳು ಆಡಿಸೋಕೆ ನೋಡಿ, ಬಿಟ್ಟುಹೋಗುತ್ತೆ."

ಹಾಗೇ ಮಾಡಿದೆ, ಬಿಟ್ಟುಹೋಯಿತು. ಆ ಧೈರ್ಯದಲ್ಲಿ ಟೈಲರ್‌ನನ್ನು ಛೇಡಿಸಿದೆ: "ಎಲ್ಲಾ ನಿನ್ನಿಂದಲೇ ಕಣೋ. ಗೋಡೆ ಪಕ್ಕ ಅಷ್ಟು ದೊಡ್ಡ ಗುಂಡಿ ಮಾಡಿಟ್ಟಿದ್ದೀಯ."

ಅವನು ನಗಲಿಲ್ಲ. "ನಾನು ಯಾವಾಗ್ಲೂ ಈಚೆ ಅಂಚಲ್ಲೇ ಮಲಗೋದು. ಗೋಡೆ ಕಡೆ ಜಾಗ ಎಲ್ಲಿರುತ್ತೆ?"

ಅಂದಿನಿಂದ ನಾನೂ ಅಂಚಿನಲ್ಲೇ ಮಲಗುತ್ತೇನೆ. ಇನ್ನೆಲ್ಲಿಗೆ ಹೋಗಲಿ? ಮೊನ್ನೆ ಮತ್ತೆ ಮೈ ಮರಗಟ್ಟಿತು. ಗೋಡೆ ಬದಿಯ ಕೈಯ ಕಿರುಬೆರಳು ಆಡಿಸಲು ನೋಡಿದೆ, ಆಡಲಿಲ್ಲ. ಮೈಯೆಲ್ಲ ತಣ್ಣಗಿತ್ತು, ಯಾರೋ ಮುಷ್ಟಿಯಲ್ಲಿ ಹಿಡಿದುಕೊಂಡಂತೆ ಆ ಬೆರಳೊಂದೇ ಬೆಚ್ಚಗಿತ್ತು.